ಥರ್ಮೋಸ್ಟಾಟ್ ತೆಗೆದು ಬಿಸಾಡಬೇಡಿ, ಹೊಸತು ಹಾಕಿ

ಇಂಜಿನ್ನಿನ ಬಿಸಿಯನ್ನು ಹದದಲ್ಲಿಡುವ ಸಣ್ಣ ವಾಲ್ವೇ ಥರ್ಮೋಸ್ಟಾಟ್. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯಾ ಕಡೆ ಓಡುವ ಹಳೆಯ ಕಾರುಗಳಲ್ಲಿ ಅದು ಇಲ್ಲದವು ಬೇಕಾದಷ್ಟಿವೆ. ಒಮ್ಮೆ ಇಂಜಿನ್ ಬಿಸಿಯಾಯಿತು ಅಂತ ವರ್ಕ್‌ಶಾಪಿಗೆ ಹೋದರೆ, "ನಮ್ಮ ಸೆಕೆಗೆ ಇದೆಲ್ಲ ಬೇಡ" ಅಂತ ಅದನ್ನು ತೆಗೆದು, ಅದು ಕೂರುವ ಗೂಡನ್ನು, ಅಂದರೆ ಹೌಸಿಂಗನ್ನು, ಖಾಲಿಯಾಗಿಯೇ ಮುಚ್ಚಿ ಕೊಡುತ್ತಾರೆ. ನನಗೂ ಅದೇ ಸಲಹೆ ಸಿಕ್ಕಿತ್ತು. ನಾನು ಒಪ್ಪಲಿಲ್ಲ. ಹೊಸತನ್ನು ತಂದು ಮನೆ ಅಂಗಳದಲ್ಲೇ ಹಾಕಿದೆ.

ನನ್ನ ಕಾರಿನ ತೊಂದರೆ ಬಿಸಿ ಜಾಸ್ತಿಯಾಗುವುದಲ್ಲ, ಬಿಸಿ ಸಾಕಾಗದಿರುವುದು. ಸಂಪಾಜೆ ಘಾಟಿ ಇಳಿಯುವಾಗ ಇಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಮೆಲ್ಲಗೆ ಕೆಳಗೆ ಹೋಗುತ್ತಿತ್ತು. ಮಳೆಗಾಲದಲ್ಲಿ ಗಾಜಿಗೆ ಮಂಜು ಹಿಡಿದಾಗ ಹೀಟರ್ ಹಾಕಿದರೆ ಬರೀ ತಣ್ಣನೆ ಗಾಳಿ. ಮೈಲೇಜ್ ಕೂಡ ಇಳಿದಿತ್ತು. ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಓಬಿಡಿ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದರೆ, ಎಷ್ಟು ದೂರ ಓಡಿಸಿದರೂ ಕೂಲೆಂಟ್ (ಇಂಜಿನ್ನಿನ ಬಿಸಿ ಹೀರಿ ರೇಡಿಯೇಟರಿಗೆ ಒಯ್ಯುವ ದ್ರವ) 70 ಡಿಗ್ರಿ ದಾಟುತ್ತಿರಲಿಲ್ಲ. ದೋಷ ಸೂಚಿಸುವ ಕೋಡ್ ಪಿ0128 ಬಂದಿತ್ತು. ಇಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ ಅಂತ ಅದರ ಅರ್ಥ. ಹೆಚ್ಚಾಗಿ ಥರ್ಮೋಸ್ಟಾಟ್ ತೆರೆದೇ ಕೂತಿರುತ್ತದೆ.

ಥರ್ಮೋಸ್ಟಾಟಿನೊಳಗೆ ಇರುವುದು ಮೇಣ. ಬಿಸಿಯಾದಾಗ ಮೇಣ ಹಿಗ್ಗಿ ವಾಲ್ವನ್ನು ತಳ್ಳುತ್ತದೆ, ಆರಿದಾಗ ಸ್ಪ್ರಿಂಗ್ ಮುಚ್ಚುತ್ತದೆ. ಇಂಜಿನ್ ತಣ್ಣಗಿರುವಾಗ ಕೂಲೆಂಟ್ ರೇಡಿಯೇಟರಿಗೆ ಹೋಗದೆ ಇಂಜಿನ್ನಲ್ಲೇ ಸುತ್ತುತ್ತದೆ. ನಮ್ಮೂರಿನ ಸೆಕೆ 35 ಡಿಗ್ರಿ ಅಂತಿಟ್ಟುಕೊಳ್ಳಿ, ಇಂಜಿನ್ನಿಗೆ ಬೇಕಾದದ್ದು 90ರ ಹತ್ತಿರ. ಹಾಗಿರುವಾಗ ನಮ್ಮೂರಿಗೆ ಇದು ಬೇಡ ಅನ್ನುವ ಮಾತು ಎಲ್ಲಿ ನಿಲ್ಲುತ್ತದೆ? ತಣ್ಣಗಿರುವ ಇಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲಿನಲ್ಲಿ ಸೇರಿದ ನೀರಿನಂಶ ಆವಿಯಾಗಿ ಹೋಗುವುದಿಲ್ಲ, ಸವೆತವೂ ಬೇಗ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಕೂಲೆಂಟ್ ರೇಡಿಯೇಟರಿಗೆ ಹೋಗದೆ ಇಂಜಿನ್ನಿಗೇ ಮರಳುವ ದಾರಿಗೆ ಬೈಪಾಸ್ ಅನ್ನುತ್ತಾರೆ. ಕೆಲವು ಕಾರುಗಳಲ್ಲಿ ಇಂಜಿನ್ ಬಿಸಿಯಾದಾಗ ಥರ್ಮೋಸ್ಟಾಟಿನ ಅಡಿಭಾಗವೇ ಈ ದಾರಿಯನ್ನು ಮುಚ್ಚುವುದು. ಅದನ್ನು ತೆಗೆದುಬಿಟ್ಟರೆ ಒಂದಷ್ಟು ಕೂಲೆಂಟ್ ರೇಡಿಯೇಟರಿಗೆ ಹೋಗದೆಯೇ ಸುತ್ತುತ್ತಿರುತ್ತದೆ, ಹಾಗಾಗಿ ಏರು ಹತ್ತುವಾಗ ಬಿಸಿ ಇನ್ನೂ ಜಾಸ್ತಿಯಾಗಬಹುದು.

ಹೊಸ ಥರ್ಮೋಸ್ಟಾಟನ್ನು ಕಾರಿಗೆ ಹಾಕುವ ಮೊದಲು ಪರೀಕ್ಷೆ ಮಾಡಿದೆ. ಹಳೆಯ ಪಾತ್ರೆಯಲ್ಲಿ ನೀರಿಟ್ಟು, ಹಳತು ಹೊಸತು ಎರಡನ್ನೂ ದಾರದಲ್ಲಿ ತಳಕ್ಕೆ ತಾಗದ ಹಾಗೆ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದೆ. ಜ್ವರ ನೋಡುವುದಲ್ಲ, ಅಡುಗೆಗೆ ಬಳಸುವಂಥದ್ದು. ಹೊಸದರ ಮೇಲೆ 82 ಅಂತ ಒತ್ತಿತ್ತು. ನೀರು 80 ಆಗುವವರೆಗೂ ಅದು ಅಲುಗಾಡಲಿಲ್ಲ. ಆಮೇಲೆ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಕಾಣಿಸಿತು, ಕುದಿಯುವ ಹೊತ್ತಿಗೆ ಪೂರಾ ತೆರೆದುಕೊಂಡಿತು. ಹಳತು ಮಾತ್ರ ತಣ್ಣೀರಿನಲ್ಲೂ ಬಾಯಿ ಬಿಟ್ಟುಕೊಂಡೇ ಇತ್ತು.

ಕೆಲಸ ಶುರು ಮಾಡಬೇಕಾದ್ದು ಇಂಜಿನ್ ಪೂರಾ ಆರಿದ ಮೇಲೆ, ಬೆಳಗ್ಗೆ ಆದರೆ ಒಳ್ಳೆಯದು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಒತ್ತಡಕ್ಕೆ ಕುದಿವ ನೀರು ಮುಖಕ್ಕೇ ಚಿಮ್ಮುತ್ತದೆ. ಕೆಳಗೆ ಅಗಲದ ಬೋಗುಣಿ ಇಟ್ಟು ಕೂಲೆಂಟ್ ಇಳಿಸಿದೆ. ನನ್ನ ಕಾರಿನಲ್ಲಿ ರೇಡಿಯೇಟರಿನ ಮೇಲಿನ ಹೋಸ್ ಹಿಡಿದುಕೊಂಡು ಹೋದರೆ ಹೌಸಿಂಗ್ ಸಿಗುತ್ತದೆ, ಕೆಲವು ಕಾರುಗಳಲ್ಲಿ ಕೆಳಗಿನ ಹೋಸಿನ ತುದಿಯಲ್ಲಿರುತ್ತದೆ. ಹೋಸ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಕೈಯಲ್ಲಿ ಆಚೆ ಈಚೆ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಎರಡು ಬೋಲ್ಟ್ ಬಿಚ್ಚಿದರೆ ಮುಚ್ಚಳ ಬಂತು.

ಹೊತ್ತು ಹೋದದ್ದು ಹಳೆಯ ಗ್ಯಾಸ್ಕೆಟ್, ಅಂದರೆ ಸಂದಿನಲ್ಲಿ ಸೋರದ ಹಾಗೆ ಹಾಕಿದ ಪದರ, ಕೆರೆಯುವುದರಲ್ಲಿ. ಇಲ್ಲಿ ಅವಸರ ಬೇಡ. ಹೌಸಿಂಗ್ ಅಲ್ಯೂಮಿನಿಯಂ, ಚೂಪಾದ ಬ್ಲೇಡ್ ಹಾಕಿದರೆ ಗೀರು ಬೀಳುತ್ತದೆ, ಗೀರಿನಲ್ಲಿ ಮತ್ತೆ ಸೋರುತ್ತದೆ. ತೂತಿಗೆ ಬಟ್ಟೆ ತುರುಕಿ, ಪ್ಲಾಸ್ಟಿಕ್ ಪಟ್ಟಿಯಲ್ಲಿ ಮೆಲ್ಲಗೆ ಕೆರೆದೆ. ಥರ್ಮೋಸ್ಟಾಟ್ ಕೂರಿಸುವಾಗ ಸ್ಪ್ರಿಂಗ್ ಇರುವ ಬದಿ ಇಂಜಿನ್ ಕಡೆಗೆ. ಅಂಚಿನಲ್ಲಿ ಅಲುಗಾಡುವ ಸಣ್ಣ ಪಿನ್ ಇದ್ದರೆ ಅದು ಮೇಲಕ್ಕೆ ಬರಬೇಕು, ಒಳಗಿನ ಗಾಳಿ ಹೊರಗೆ ಹೋಗುವುದು ಅಲ್ಲಿಂದಲೇ. ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಜಾಸ್ತಿ ಬಲ ಹಾಕಿದರೆ ಬೋಲ್ಟ್ ಕೂರುವ ಅಲ್ಯೂಮಿನಿಯಂ ತೂತಿನ ಮರೆ (ಥ್ರೆಡ್) ಕಿತ್ತು ಬರುತ್ತದೆ.

ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ನಮ್ಮ ಸುರಂಗದ (ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಾವಿಯ) ನೀರು ಕುಡಿಯಲು ಎಷ್ಟೇ ಚೆನ್ನಾಗಿರಲಿ, ರೇಡಿಯೇಟರಿಗೆ ಬೇಡ, ಅದರಲ್ಲಿರುವ ಖನಿಜ ಒಳಗೆ ಕಟ್ಟಿಕೊಳ್ಳಬಹುದು. ತುಂಬಿಸಿದ ಮೇಲೆ ಗಾಳಿ ತೆಗೆಯಬೇಕು. ನಮ್ಮ ಕಡೆ ಗುಡ್ಡದ ದಾರಿಗೆ ಬರಗಾಲವಿಲ್ಲ ಅಲ್ವಾ, ಕಾರಿನ ಮೂತಿ ಮೇಲೆ ಬರುವ ಹಾಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟೆ. ಹೀಟರ್ ಫುಲ್ ಬಿಸಿಗೆ ತಿರುಗಿಸಿ, ಮುಚ್ಚಳ ತೆಗೆದಿಟ್ಟೇ ಇಂಜಿನ್ ಚಾಲೂ ಮಾಡಿದೆ. ಗುಳ್ಳೆ ಬಂದ ಹಾಗೆ ಮಟ್ಟ ಇಳಿಯುತ್ತದೆ, ಇಳಿದಷ್ಟು ಹೊಯ್ಯಬೇಕು. ತುಂಬ ಹೊತ್ತು ತಣ್ಣಗಿದ್ದ ಮೇಲಿನ ಹೋಸ್ ಒಮ್ಮೆಲೇ ಬಿಸಿಯಾಯಿತು. ವಾಲ್ವ್ ತೆರೆಯಿತು ಅಂತ ಗೊತ್ತಾಗುವುದು ಆವಾಗ. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ, ಫ್ಯಾನ್ ತಿರುಗುವವರೆಗೆ ಕಾದೆ.

ಆಮೇಲೆ ಜಾಲ್ಸೂರು ದಾರಿಯಲ್ಲಿ ಓಡಿಸಿ ನೋಡಿದೆ. ಸ್ಕ್ಯಾನರಿನಲ್ಲಿ 86ರಿಂದ 92ರ ಒಳಗೇ ಇತ್ತು, ಇಳಿಜಾರಿನಲ್ಲೂ. ಹೀಟರ್ ಹಾಕಿದರೆ ಗಾಜಿನ ಮಂಜು ಬೇಗನೆ ಹೋಗುತ್ತದೆ. ಮರುದಿನ ಬೆಳಗ್ಗೆ ಬಾನೆಟ್ ತೆರೆದು ರಿಸರ್ವ್ ಟ್ಯಾಂಕಿನ ಮಟ್ಟ ನೋಡಿ, ಸ್ವಲ್ಪ ಕಡಿಮೆಯಾದದ್ದನ್ನು ತುಂಬಿಸಿದೆ.

ಹಳೆಯ ಕೂಲೆಂಟನ್ನು ದಯವಿಟ್ಟು ತೋಟಕ್ಕೆ ಚೆಲ್ಲಬೇಡಿ. ಹೆಚ್ಚಿನ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ನಾಯಿ, ಬೆಕ್ಕು ನೆಕ್ಕಿದರೆ ಸಾಯಬಹುದು. ನಮ್ಮಲ್ಲಿ ಕೆಂಪುಕಲ್ಲಿನ ನೆಲ ಇಂಗಿಸಿಕೊಂಡ ನೀರೇ ಬಾವಿಗೂ ಸುರಂಗಕ್ಕೂ ಬರುವುದು. ನಾನು ಕ್ಯಾನಿಗೆ ತುಂಬಿಸಿ, ಮಕ್ಕಳ ಕೈಗೆ ಸಿಗದ ಕಡೆ ಇಟ್ಟು, ಹಳೆಯ ಆಯಿಲ್ ತೆಗೆದುಕೊಳ್ಳುವ ವರ್ಕ್‌ಶಾಪಿಗೆ ಕೇಳಿಕೊಂಡು ಕೊಟ್ಟೆ.