ಪಿಸಿಪಿ ರೈಫಲ್‌ಗೆ ಗಾಳಿ: ಪಂಪ್ ಸಾಕಾ, ಸಿಲಿಂಡರ್ ಬೇಕಾ?

ತುಮಕೂರಿನಲ್ಲಿ ಪಿಸಿಪಿ (ಮೊದಲೇ ಒತ್ತಡದ ಗಾಳಿ ತುಂಬಿಟ್ಟುಕೊಳ್ಳುವ) ಏರ್ ರೈಫಲ್‌ನಲ್ಲಿ 10 ಮೀಟರ್ ಶೂಟಿಂಗ್ ಪ್ರಾಕ್ಟೀಸ್ ಶುರು ಮಾಡಿದವರಿಗೆ ಇದು. ಒಬ್ಬರೇ ಆದರೆ ಮೂರು ಹಂತದ ಕೈಪಂಪ್ ಸಾಕು. ಮ್ಯಾಚ್ (ಸ್ಪರ್ಧೆಯ) ರೈಫಲ್‌ನಲ್ಲೇ ಇರುವ ಸಿಲಿಂಡರ್ ಚಿಕ್ಕದು, ಸಾಮಾನ್ಯವಾಗಿ 200 ಬಾರ್ (ಒತ್ತಡದ ಅಳತೆ) ತನಕ ತುಂಬಬೇಕು. ಕೊನೆಯ 50 ಬಾರ್‌ಗೆ ಮೈಭಾರವೆಲ್ಲ ಹಾಕಬೇಕು, ಬೆವರು ಗ್ಯಾರಂಟಿ! ನಡುನಡುವೆ ನಿಲ್ಲಿಸಿ ಪಂಪ್ ಆರಲು ಬಿಡಿ, ಬಿಸಿ ಜಾಸ್ತಿಯಾದರೆ ಸೀಲ್ ಹೋಗುತ್ತದೆ. ಪಂಪಿನಲ್ಲಿ ಉಳಿದ ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಬಿಚ್ಚಿದಾಗ ನೀರಿನ ಹನಿ ಚಿಮ್ಮುತ್ತದಲ್ವಾ? ಅದು ರೈಫಲ್ ಒಳಗೆ ಹೋಗಬಾರದು. ಅದಕ್ಕೇ ತೇವ ಹೀರುವ ಫಿಲ್ಟರ್ ಇರುವ ಪಂಪನ್ನೇ ಕೊಳ್ಳಿ.

ನಾಲ್ಕೈದು ಜನ ಸೇರಿದರೆ ರೈಫಲ್‌ಗಳಿಗೆ ಗಾಳಿ ತುಂಬಲು 300 ಬಾರ್‌ನ ಬೇರೆ ದೊಡ್ಡ ಸಿಲಿಂಡರ್ ವಾಸಿ. ಅದನ್ನು ತುಂಬಿಸುವ ಜಾಗ ಹತ್ತಿರ ಇದೆಯಾ ಅಂತ ಮೊದಲು ವಿಚಾರಿಸಿ. ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ತಡೆಯುತ್ತದಾ ಅಂತ ನೋಡುವ ಪರೀಕ್ಷೆ) ತಾರೀಕು ನೋಡದೆ ಸೆಕೆಂಡ್ ಹ್ಯಾಂಡ್ ಬೇಡ. ಬಿ.ಎಚ್. ರಸ್ತೆಯ ಪಂಕ್ಚರ್ ಅಂಗಡಿಗೆ ಸುಮ್ನೆ ಹೋಗಬೇಡಿ, ಆ ಕಂಪ್ರೆಸರ್ 10 ಬಾರ್ ದಾಟುವುದೇ ಕಷ್ಟ. ಆಕ್ಸಿಜನ್ ಅಂತೂ ತುಂಬಲೇಬೇಡಿ. ಒಳಗೆ ಎಣ್ಣೆ ಪಸೆ ಇದ್ದರೆ ಸಿಡಿಯಬಹುದು.