ಹದಿಹರೆಯದವರ ಕೈಯಲ್ಲಿ ಕಾಮಪ್ರಧಾನ ಕಾದಂಬರಿ: ಹೆತ್ತವರೂ ಅಧ್ಯಾಪಕರೂ ತೂಗಿ ನೋಡುವ ಬಗೆ

ಪಿಯುಸಿ ಓದುವ ಮಗಳ ಮೊಬೈಲಿನಲ್ಲೋ ಹಾಸ್ಟೆಲ್ಲಿನ ಹುಡುಗನ ಬ್ಯಾಗಿನಲ್ಲೋ ಕಾಮಪ್ರಧಾನವಾದ ಜನಪ್ರಿಯ ಕಾದಂಬರಿಯೊಂದು ಕಣ್ಣಿಗೆ ಬಿದ್ದರೆ ದೊಡ್ಡವರು ಸಾಮಾನ್ಯವಾಗಿ ಕಿತ್ತುಕೊಂಡು ಬೈಯುತ್ತಾರೆ, ಇಲ್ಲವೇ ಕಂಡೂ ಕಾಣದಂತೆ ಇದ್ದುಬಿಡುತ್ತಾರೆ. ಹೇಗೆ ನಡೆದುಕೊಂಡರೂ ಆ ಪುಸ್ತಕ ಎಳೆಯ ಓದುಗರಿಗೆ ಏನನ್ನು ಹೇಳಿಕೊಟ್ಟಿತು ಎಂಬುದು ಮಾತ್ರ ತಿಳಿಯದೆ ಉಳಿಯುತ್ತದೆ. ಹಿಂದೆ ಬಸ್ ನಿಲ್ದಾಣದ ಅಂಗಡಿಯಲ್ಲಿ ಪೋಲಿ ಪುಸ್ತಕ ಕೊಳ್ಳಲು ಹೋದವನಿಗೆ ಅಂಗಡಿಯವನ ಮುಖವನ್ನಾದರೂ ನೋಡಬೇಕಾಗುತ್ತಿತ್ತು. ಇಂದು ಆ ಮುಜುಗರವೂ ಇಲ್ಲದಿರುವುದರಿಂದ ಕಾವಲು ಕಾಯುವ ದಾರಿ ಹೆಚ್ಚು ದೂರ ಸಾಗದು. ಇಂಥ ಪುಸ್ತಕದ ನೈತಿಕ ತೂಕವನ್ನು ತಿಳಿಯಬೇಕಾದರೆ, ಕಥೆಯಲ್ಲಿ ಒಬ್ಬರು ‘ಬೇಡ’ ಎಂದಾಗ ಇನ್ನೊಬ್ಬರು ಏನು ಮಾಡುತ್ತಾರೆ ಮತ್ತು ಆ ನಡತೆಯನ್ನು ಕಥೆ ಯಾವ ಬಣ್ಣದಲ್ಲಿ ತೋರಿಸುತ್ತದೆ ಎಂಬುದನ್ನು ನೋಡಬೇಕು. ಮೈ ಎಷ್ಟು ಕಂಡಿತು ಎಂಬ ಲೆಕ್ಕದಿಂದ ತಿಳಿಯುವುದು ಬಹಳ ಕಡಿಮೆ.

ಮೊದಲು ಇಡೀ ಪುಸ್ತಕವನ್ನು ಓದಿ

ಯಾರೋ ಗುರುತು ಹಾಕಿಕೊಟ್ಟ ನಾಲ್ಕು ಪುಟಗಳನ್ನೋ ವಾಟ್ಸಾಪಿನಲ್ಲಿ ಬಂದ ಸ್ಕ್ರೀನ್‌ಶಾಟನ್ನೋ ನೋಡಿ ತೀರ್ಮಾನಕ್ಕೆ ಬರಬೇಡಿ. ನ್ಯಾಯಾಲಯಗಳಿಗೇ ಇಷ್ಟು ಮನದಟ್ಟಾಗಲು ಹೆಚ್ಚುಕಡಿಮೆ ಒಂದೂವರೆ ಶತಮಾನ ಬೇಕಾಯಿತು. ಕೆಡುವ ಸ್ವಭಾವದ ಮನಸ್ಸುಗಳನ್ನು ಕೆಡಿಸುವ ಪ್ರವೃತ್ತಿ ಬರಹಕ್ಕಿದೆಯೇ ಎಂದು ಕೇಳಿದ 1868ರ ಇಂಗ್ಲೆಂಡಿನ ಹಿಕ್ಲಿನ್ ತೀರ್ಪಿನ ಅಳತೆಯಲ್ಲಿ ಬಿಡಿ ಭಾಗವೊಂದೇ ಇಡೀ ಪುಸ್ತಕವನ್ನು ಮುಳುಗಿಸಬಹುದಾಗಿತ್ತು. ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿಯ ವಿಚಾರದಲ್ಲಿ 1960ರಲ್ಲಿ ಲಂಡನ್ನಿನ ಜ್ಯೂರಿ ಪ್ರಕಾಶಕರನ್ನು ನಿರ್ದೋಷಿಗಳೆಂದಿತು. ಆದರೆ 1964ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹಿಕ್ಲಿನ್ ಅಳತೆಯನ್ನೇ ಆಧಾರವಾಗಿಟ್ಟುಕೊಂಡು, ಅದೇ ಪುಸ್ತಕ ಮಾರಿದ್ದಕ್ಕಾಗಿ ಮುಂಬಯಿಯ ಪುಸ್ತಕದಂಗಡಿಯ ಪಾಲುದಾರ ರಂಜಿತ್ ಉದೇಶಿ ಅವರಿಗಾದ ಶಿಕ್ಷೆಯನ್ನು ಎತ್ತಿಹಿಡಿಯಿತು. ಆ ಅಳತೆಯನ್ನು ಸುಪ್ರೀಂ ಕೋರ್ಟ್ ಬದಿಗಿಟ್ಟು, ಇಂದಿನ ಸಮಾಜದ ಸಾಮಾನ್ಯ ಮಾನದಂಡದಿಂದ, ಸಂದರ್ಭ ಸಹಿತವಾಗಿ ನೋಡಬೇಕೆಂದದ್ದು 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ. ಮನೆಯೊಳಗಿನ ನ್ಯಾಯಾಧೀಶರು ಮಾತ್ರ ಇನ್ನೂ ಹಿಕ್ಲಿನ್ ಕಾಲದಲ್ಲೇ ಇರುತ್ತಾರೆ.

ಓದಲು ಕುಳಿತಾಗ ನಿಮ್ಮ ಸಿಟ್ಟು ಬರಹದ ಮೇಲಿದೆಯೋ ಬರೆದವರ ಮೇಲಿದೆಯೋ ಎಂಬುದನ್ನೂ ಪರೀಕ್ಷಿಸಿಕೊಳ್ಳಿ. ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮನವರು, ಹದಿನೆಂಟನೆಯ ಶತಮಾನದ ತಂಜಾವೂರಿನ ಕವಯಿತ್ರಿ ಮುದ್ದುಪಳನಿಯ ತೆಲುಗು ಶೃಂಗಾರ ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು 1910ರಲ್ಲಿ ಸಂಪಾದಿಸಿ ಪ್ರಕಟಿಸಿದಾಗ, ಬ್ರಿಟಿಷ್ ಸರ್ಕಾರ ಅಶ್ಲೀಲವೆಂದು ಅದನ್ನು ನಿಷೇಧಿಸಿತು. ಕಾವ್ಯವನ್ನು ಹಳಿದಿದ್ದ ತೆಲುಗು ಲೇಖಕ, ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ ಅವರಿಗೆ ನಾಗರತ್ನಮ್ಮ ಕೇಳಿದ್ದು, ಗಂಡಸರು ಬರೆದ ಅಷ್ಟೇ ಬಿಸಿಯಾದ ಶೃಂಗಾರ ಅವರಿಗೆ ಏಕೆ ನೋಯಲಿಲ್ಲ ಎಂದು. ಹುಡುಗಿಯರು ಓದುವ, ಹೆಂಗಸರು ಬರೆಯುವ ಪ್ರಣಯ ಕಾದಂಬರಿಗಳನ್ನು ಇಂದು ಹಗುರವಾಗಿ ಆಡಿಕೊಳ್ಳುವವರು ಈ ಪ್ರಶ್ನೆಯನ್ನು ಒಮ್ಮೆ ತಮಗೇ ಹಾಕಿಕೊಳ್ಳಬಹುದು.

ಓದುವಾಗ ಕಣ್ಣಿಡಬೇಕಾದ ಕಡೆ

ಉದಾಹರಣೆಗೆ 2011ರಲ್ಲಿ ಬಂದ ‘ಫಿಫ್ಟಿ ಶೇಡ್ಸ್ ಆಫ್ ಗ್ರೇ’ ಎಂಬ ಇಂಗ್ಲಿಷ್ ಕಾದಂಬರಿಯನ್ನು ತೆಗೆದುಕೊಳ್ಳಿ. ಇನ್ನೊಂದು ಜನಪ್ರಿಯ ಸರಣಿಯ ಅಭಿಮಾನಿ ಬರೆದ ಕಥೆಯಾಗಿ ಅಂತರ್ಜಾಲದಲ್ಲಿ ಹುಟ್ಟಿದ ಈ ಸರಣಿಯ ಹತ್ತು ಕೋಟಿಗೂ ಹೆಚ್ಚು ಪ್ರತಿಗಳು ಜಗತ್ತಿನಾದ್ಯಂತ ಮಾರಾಟವಾಗಿವೆ. 2015ರಲ್ಲಿ ಅದರ ಚಲನಚಿತ್ರಕ್ಕೆ ಭಾರತದಲ್ಲಿ ಪ್ರಮಾಣಪತ್ರ ಸಿಗಲಿಲ್ಲ, ಪುಸ್ತಕ ಮಾತ್ರ ಅಂಗಡಿಗಳಲ್ಲಿ ರಾಶಿಯಾಗಿ ಬಿದ್ದಿತ್ತು. ಹೆತ್ತವರು ಬೆಚ್ಚಿಬೀಳುವುದು ಹಗ್ಗ, ಚಾಟಿಗಳ ಪುಟಗಳಿಗೆ. ನನ್ನ ಮಟ್ಟಿಗೆ ಹೆಚ್ಚು ಎಚ್ಚರದಿಂದ ಓದಬೇಕಾದದ್ದು, ಯಾರೂ ಬಟ್ಟೆ ಕಳಚದ ಒಂದು ದೃಶ್ಯವನ್ನು. ಕಾಲೇಜು ಮುಗಿಸುತ್ತಿರುವ ನಾಯಕಿ ಬಾರಿನಿಂದ, ಕುಡಿದ ಅಮಲಿನಲ್ಲಿ, ಕೋಟ್ಯಧೀಶ ನಾಯಕನಿಗೆ ಫೋನ್ ಮಾಡುತ್ತಾಳೆ, ಎಲ್ಲಿದ್ದೇನೆಂದು ಹೇಳುವುದಿಲ್ಲ. ಅವನು ಅವಳ ಫೋನಿನ ಜಾಡು ಹಿಡಿದು ಅಲ್ಲಿಗೇ ಬರುತ್ತಾನೆ. ಅವನು ಬರುವ ಹೊತ್ತಿಗೆ ಸರಿಯಾಗಿ ಅವಳ ಗೆಳೆಯನೊಬ್ಬ ಅವಳಿಗೆ ಬಲವಂತವಾಗಿ ಮುತ್ತಿಡಲು ಹೊರಟಿರುತ್ತಾನೆ, ನಾಯಕ ತಡೆಯುತ್ತಾನೆ. ಲೇಖಕಿಯ ಕೈಚಳಕ ಇರುವುದು ಇಲ್ಲೇ. ಪಕ್ಕದಲ್ಲಿ ಅದಕ್ಕಿಂತ ಕೆಟ್ಟ ನಡತೆಯೊಂದನ್ನು ತಂದಿಟ್ಟಿರುವುದರಿಂದ, ಹೇಳದ ಜಾಗವನ್ನು ಪತ್ತೆ ಹಚ್ಚಿ ಬಂದ ಅವನ ಕೆಲಸ ರಕ್ಷಣೆಯಂತೆ ಕಂಡು, ಓದುಗರಿಗೆ ಸಮಾಧಾನವಾಗುತ್ತದೆ. ಮುಂದೆ ಅವಳ ಊಟ, ನಿದ್ದೆ, ಬಟ್ಟೆ, ವ್ಯಾಯಾಮಗಳನ್ನು ನಿಗದಿಪಡಿಸುವ ಕರಾರುಪತ್ರ ಬರುತ್ತದೆ, ಎರಡನೆಯ ಭಾಗದಲ್ಲಿ ಅವಳು ಕೆಲಸ ಮಾಡುವ ಸಂಸ್ಥೆಯನ್ನೇ ಅವನು ಕೊಂಡುಕೊಳ್ಳುತ್ತಾನೆ. ಪ್ರತಿ ಸಲವೂ ಹಿಡಿತ ಕಾಳಜಿಯ ವೇಷದಲ್ಲೇ ಬರುತ್ತದೆ.

ಇದೇ ಸಾಮಗ್ರಿಯನ್ನು ಬೇರೆ ರೀತಿಯಲ್ಲಿ ಬಳಸಲು ಸಾಧ್ಯ ಎಂಬುದಕ್ಕೆ ಕನ್ನಡದಲ್ಲೇ ಹದಿಮೂರನೆಯ ಶತಮಾನದ ಸಾಕ್ಷಿಯಿದೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿ ರಾತ್ರಿ ಕೇಳಿದ ಹಾಡಿಗೆ ಮನಸೋತು, ಕುರೂಪಿಯಾದ ಮಾವುತ ಅಷ್ಟಾವಂಕನನ್ನು ಬಯಸುತ್ತಾಳೆ, ತಡವಾಗಿ ಬಂದಳೆಂದು ಅವನು ಹೊಡೆಯುತ್ತಾನೆ, ಅವಳು ಸಹಿಸಿಕೊಳ್ಳುತ್ತಾಳೆ. ಬಯಕೆಯ ತೀವ್ರತೆಯಲ್ಲಿ ಜನ್ನ ಯಾರಿಗೂ ಕಡಿಮೆಯಿಲ್ಲ, ಆದರೆ ಆ ಹೊಡೆತವನ್ನು ಅವನು ಪ್ರೇಮದ ಗುರುತಾಗಿ ನಮ್ಮ ಕೈಗಿಡುವುದಿಲ್ಲ. ಓದುಗನಿಗೆ ಅದು ಹೊಡೆತವಾಗಿಯೇ ತಾಗುತ್ತದೆ. (ಹೆಣ್ಣಿನ ಮೇಲೆ ಆ ಕಾವ್ಯ ಕೊಡುವ ತೀರ್ಪು ಕಠಿಣವಾದದ್ದು, ತರಗತಿಯಲ್ಲಿ ಅದನ್ನೂ ಧಾರಾಳವಾಗಿ ಪ್ರಶ್ನಿಸಬಹುದು.) ನಿಮ್ಮ ಕೈಯಲ್ಲಿರುವ ಪುಸ್ತಕ ಈ ಎರಡರಲ್ಲಿ ಯಾವುದಕ್ಕೆ ಹತ್ತಿರವಿದೆ ಎಂದು ನೋಡಿದರೆ ಅರ್ಧ ಕೆಲಸ ಮುಗಿದಂತೆ. ಗರ್ಭ, ರೋಗ, ಮುನ್ನೆಚ್ಚರಿಕೆಗಳ ಮಾತು ಕಥೆಯಲ್ಲಿ ಎಲ್ಲಿಯಾದರೂ ಬರುತ್ತದೆಯೇ ಎಂಬುದನ್ನೂ ಗಮನಿಸಿ. ಬಹಳಷ್ಟು ಕಥೆಗಳಲ್ಲಿ ಬರುವುದೇ ಇಲ್ಲ.

ಪರಿಣಾಮದ ಬಗ್ಗೆ ಎಷ್ಟು ಹೇಳಬಹುದು

ಪುಸ್ತಕ ಓದಿಯೇ ಹುಡುಗ ಕೆಟ್ಟ ಎಂದು ಹೇಳುವ ಮುನ್ನ ಎರಡು ಅಧ್ಯಯನಗಳನ್ನು ನೆನಪಿಡುವುದು ಒಳ್ಳೆಯದು. ಅಮೆರಿಕದ ಸಂಶೋಧಕಿ ಏಮಿ ಬೊನೊಮಿ ಮತ್ತು ಸಂಗಡಿಗರು 2014ರಲ್ಲಿ 18ರಿಂದ 24ರ ವಯಸ್ಸಿನ ಯುವತಿಯರನ್ನು ವಿಚಾರಿಸಿದಾಗ, ಮೇಲೆ ಹೇಳಿದ ಸರಣಿಯನ್ನು ಓದಿದವರಲ್ಲಿ ಬೈಯುವ, ಬೆನ್ನುಬಿದ್ದು ಕಾಡುವ ಸಂಗಾತಿಗಳ ಅನುಭವ ಓದದವರಿಗಿಂತ ಹೆಚ್ಚಾಗಿ ಕಂಡುಬಂದಿತು. ಆದರೆ ಓದು ಮೊದಲೋ ಅನುಭವ ಮೊದಲೋ ಎಂಬುದನ್ನು ಆ ಅಧ್ಯಯನದಿಂದ ಹೇಳಲಾಗುವುದಿಲ್ಲ. ನೋವುಂಡವಳು ತನ್ನ ಬದುಕಿಗೆ ಹೋಲುವ ಕಥೆಯನ್ನು ಹುಡುಕಿಕೊಂಡು ಹೋಗಿರಲೂಬಹುದು. ಅಮಾಂಡಾ ಡೀಕ್‌ಮನ್ ಮತ್ತು ಸಹೋದ್ಯೋಗಿಗಳ 2000ದ ಅಧ್ಯಯನ ನಮಗೆ ಹೆಚ್ಚು ಉಪಯುಕ್ತ. ಪ್ರಣಯ ಕಾದಂಬರಿಗಳನ್ನು ಹೆಚ್ಚು ಓದುವ ವಿದ್ಯಾರ್ಥಿನಿಯರಲ್ಲಿ ಕಾಂಡೋಮ್ ಬಗ್ಗೆ ಒಲವು ಕಡಿಮೆಯಿತ್ತು; ಕಥೆಯೊಳಗೇ ಸುರಕ್ಷತೆಯ ಮಾತನ್ನು ಸೇರಿಸಿ ಓದಿಸಿದಾಗ ಆ ಮನೋಭಾವ ಉತ್ತಮಗೊಂಡಿತು. ಕಥೆ ಕಲಿಸುತ್ತದೆ ಎನ್ನುವುದಾದರೆ ಒಳ್ಳೆಯದನ್ನೂ ಕಲಿಸಬಲ್ಲದು ಎಂದೇ ಅರ್ಥ.

ಬೇರೆ ಯಾರೂ ಕಲಿಸದಿದ್ದಾಗ ಕಥೆಯ ಹಿಡಿತ ಬಿಗಿಯಾಗುತ್ತದೆ. 2007ರಲ್ಲಿ, ಲೈಂಗಿಕತೆಯ ಬಗ್ಗೆ ತಿಳಿವಳಿಕೆ ಕೊಡುವ ಶಾಲೆಗಳ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ವಿರೋಧಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪಾಠದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯವನ್ನು ನೀವೇ ಓದಿಕೊಳ್ಳಿ ಎಂದು ದಾಟಿಸಿದರೆ ಮಕ್ಕಳು ಬೇರೆಲ್ಲೋ ಓದಿಕೊಳ್ಳುತ್ತಾರೆ, ಅಷ್ಟೆ.

ಮಾತು ತೆಗೆಯುವ ರೀತಿ

ಸಿಕ್ಕಿಬಿದ್ದ ದಿನವೇ ಮಾತನಾಡಬೇಡಿ. ಅಂದು ಮಗುವಿಗೆ ಕೇಳಿಸುವುದು ನಿಮ್ಮ ದನಿ ಮಾತ್ರ. ಎದುರು ಕೂರಿಸಿಕೊಂಡು ವಿಚಾರಣೆ ಮಾಡುವ ಬದಲು ಅವರೆಕಾಯಿ ಸುಲಿಯುವಾಗಲೋ ಬಟ್ಟೆ ಮಡಚುವಾಗಲೋ, ಕೈಗೆ ಕೆಲಸವಿದ್ದು ಕಣ್ಣಿಗೆ ಕಣ್ಣು ಕೊಡಬೇಕಾದ ಕಷ್ಟವಿಲ್ಲದಿರುವಾಗ, ವಿಷಯ ಎತ್ತಿ. “ನೀನು ಓದ್ತಿದ್ದ ಪುಸ್ತಕ ನಾನೂ ಓದಿದೆ ಪುಟ್ಟಿ. ಅವಳು ಎಲ್ಲಿದ್ದೀನಿ ಅಂತ ಹೇಳಲೇ ಇಲ್ಲ, ಅವನು ಬಂದುಬಿಟ್ಟ. ನಿನ್ನ ಫ್ರೆಂಡಿಗೆ ಯಾರಾದ್ರೂ ಹಾಗೆ ಮಾಡಿದ್ರೆ ಏನನ್ನಿಸುತ್ತೆ?” ಎಂಬಷ್ಟು ಸಾಕು. ಪ್ರಶ್ನೆ ಪಾತ್ರದ ಬಗ್ಗೆ ಇದ್ದರೆ ಮಕ್ಕಳು ತಮ್ಮ ಬಗ್ಗೆ ಹೇಳಿಕೊಳ್ಳಲು ದಾರಿ ಸಿಗುತ್ತದೆ. ಅವಳು “ಅಮ್ಮಾ, ಅದು ಬರೀ ಕಥೆ” ಎಂದರೆ ಒಪ್ಪಿಕೊಳ್ಳಿ. ಕಲ್ಪನೆಯಲ್ಲಿ ಇಷ್ಟವಾದದ್ದು ಬದುಕಿನಲ್ಲಿ ಬೇಡವಾಗಿರಬಹುದು ಎಂಬುದನ್ನು ಬೆಳೆದವರಂತೆ ಬೆಳೆಯುತ್ತಿರುವವರೂ ಬಲ್ಲರು. ಹುಡುಗರ ಜೊತೆ ಈ ಮಾತು ಆಡುವವರೇ ಕಡಿಮೆ. ಹುಡುಗಿ ‘ಬೇಡ’ ಎನ್ನುವುದು ‘ಹೌದು’ ಎನ್ನುವ ಇನ್ನೊಂದು ಬಗೆ ಎಂದು ಕಲಿಸುವ ಕಥೆ ಓದಿದವನಿಗೆ ಅಪ್ಪನೋ ಮಾವನೋ ಅದು ಸುಳ್ಳೆಂದು ಒಮ್ಮೆಯಾದರೂ ಸ್ಪಷ್ಟವಾಗಿ ಹೇಳಬೇಕು.

ಅಧ್ಯಾಪಕರಾದರೆ ಸಿಕ್ಕಿಬಿದ್ದ ವಿದ್ಯಾರ್ಥಿಯ ಹೆಸರನ್ನು ತರಗತಿಯಲ್ಲಿ ಎತ್ತಬೇಡಿ, ಸಿಬ್ಬಂದಿ ಕೊಠಡಿಯಲ್ಲೂ ಎತ್ತಬೇಡಿ.

ಕಾನೂನಿನ ಗೆರೆ

ಭಾರತೀಯ ನ್ಯಾಯ ಸಂಹಿತೆಯ 294ನೆಯ ಕಲಮು ಅಶ್ಲೀಲ ಪುಸ್ತಕದ ಮಾರಾಟ, ವಿತರಣೆ, ಸಾರ್ವಜನಿಕ ಪ್ರದರ್ಶನಗಳನ್ನು ಅಪರಾಧವಾಗಿಸುತ್ತದೆ. ಸಾಹಿತ್ಯ, ಕಲೆ, ವಿಜ್ಞಾನಗಳ ಹಿತಕ್ಕಾಗಿ ಸಮರ್ಥಿಸಬಹುದಾದ ಪ್ರಕಟಣೆಗಳಿಗೆ ವಿನಾಯಿತಿ ಇದೆ. 18 ತುಂಬದವರಿಗೆ ಅಶ್ಲೀಲ ವಸ್ತುವನ್ನು ಮಾರುವುದು, ಹಂಚುವುದು 295ನೆಯ ಕಲಮಿನ ಕೆಳಗೆ ಇನ್ನೂ ಗಂಭೀರ. ಹೆತ್ತವರು ಹೆಚ್ಚಾಗಿ ಅರಿಯದ ಸಂಗತಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಲ್ಲಿದೆ. ಮಕ್ಕಳನ್ನು ಲೈಂಗಿಕವಾಗಿ ಚಿತ್ರಿಸುವ ಡಿಜಿಟಲ್ ಚಿತ್ರಗಳಷ್ಟೇ ಅಲ್ಲದೆ ಬರಹವನ್ನು ರಚಿಸುವುದು, ಹುಡುಕುವುದು, ಡೌನ್‌ಲೋಡ್ ಮಾಡುವುದು ಕೂಡ ಅದರ ವ್ಯಾಪ್ತಿಗೆ ಬರುತ್ತದೆ. ವ್ಯಾಟ್‌ಪ್ಯಾಡ್, ಪ್ರತಿಲಿಪಿಯಂಥ ತಾಣಗಳಲ್ಲಿ ಮಕ್ಕಳು ಓದುವುದರ ಜೊತೆಗೆ ಬರೆಯುತ್ತಲೂ ಇರಬಹುದು. ಹತ್ತನೆಯ ತರಗತಿಯ ಪಾತ್ರಗಳನ್ನಿಟ್ಟುಕೊಂಡು ಹಸಿಬಿಸಿ ದೃಶ್ಯ ಬರೆಯುವ ಹದಿನಾರರ ಹುಡುಗಿಗೆ ತಾನು ಈ ಗೆರೆಯ ಹತ್ತಿರವಿದ್ದೇನೆಂದು ತಿಳಿದಿರುವುದಿಲ್ಲ. ಬರೆಯುವುದನ್ನು ನಿಲ್ಲಿಸಿ ಎನ್ನದೆ, ಇದನ್ನು ವಿವರಿಸಿ.

ಇಂಥ ತಾಣಗಳಲ್ಲಿ ಅಪರಿಚಿತ ಓದುಗನೊಬ್ಬ ಮೆಚ್ಚುಗೆಯಿಂದ ಶುರುಮಾಡಿ ಖಾಸಗಿ ಸಂದೇಶಕ್ಕೆ, ಅಲ್ಲಿಂದ ಫೋಟೋ ಕೇಳುವುದಕ್ಕೆ ಇಳಿದರೆ ಅದು ಸಾಹಿತ್ಯದ ವಿಚಾರವಲ್ಲ. ಅವನನ್ನು ಬ್ಲಾಕ್ ಮಾಡುವ ಮೊದಲು ಸಂದೇಶಗಳ ಸ್ಕ್ರೀನ್‌ಶಾಟ್, ದಿನಾಂಕ, ಖಾತೆಯ ಹೆಸರುಗಳನ್ನು ಉಳಿಸಿಕೊಳ್ಳಿ. ಮಗುವಿನ ಚಿತ್ರ ಈಗಾಗಲೇ ಹೋಗಿದ್ದರೆ ಸಾಕ್ಷಿಗೆಂದು ಅದನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್ಲಿನಲ್ಲಿ ದೂರು ಕೊಡಿ. ಮಗು ಊಟ, ನಿದ್ದೆ ಬಿಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಆಪ್ತಸಮಾಲೋಚಕರ ಜೊತೆ ಕನ್ನಡದಲ್ಲೇ ಮಾತನಾಡಬಹುದು.