ಕೆನೆಬಣ್ಣವೋ, ಬಿಸ್ಕತ್ ಬಣ್ಣವೋ? ಗೋಡೆಯ ಮೇಲೆ ಹೀಗೆ ಪರೀಕ್ಷಿಸಿ

ಗಾಢ ಬಣ್ಣ ಬೇಡ, ಬರೀ ಬಿಳಿಯೂ ಬೇಡ ಎನ್ನುವವರು ಕೊನೆಗೆ ಬಂದು ನಿಲ್ಲುವುದು ಈ ಎರಡರ ನಡುವೆಯೇ. ಶೇಡ್ ಕಾರ್ಡ್‌ನಲ್ಲಿ ಎರಡೂ ಚೆಂದ. ಗೋಡೆಗೇರಿದ ಮೇಲೆ ಕೆನೆ ಹಳದಿಯಾಯಿತು, ಬಿಸ್ಕತ್ ಗುಲಾಬಿಯಾಯಿತು ಎಂದು ಪೇಂಟರ್‌ನನ್ನು ಬೈಯುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಮೊದಲು ಎರಡೂ ಕಾರ್ಡ್‌ಗಳನ್ನು ಬಿಳಿ ಹಾಳೆಯ ಮೇಲಿಟ್ಟು ಕಿಟಕಿಯ ಬಳಿ ನೋಡಿ. ಒಳಗೆ ಅಡಗಿರುವ ಹಳದಿ, ಗುಲಾಬಿ, ಬೂದು ಛಾಯೆ ಆಗ ಎದ್ದು ಕಾಣುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಗೋಡೆಗೆ ಬಣ್ಣ ತುಂಬಿ ನೋಡುವುದನ್ನು ನಂಬಬೇಡಿ. ಒಂದೊಂದು ಪರದೆ ಒಂದೊಂದು ಬಣ್ಣ ತೋರಿಸುತ್ತದೆ.

ಎಡವುವುದು ಮುಂದಿನ ಹಂತದಲ್ಲಿ. ಹಳೆಯ ನೀಲಿ ಅಥವಾ ಹಸಿರು ಗೋಡೆಯ ಮೇಲೆ ಅಂಗೈಯಗಲ ಬಳಿದು ನೋಡುತ್ತಾರೆ. ಸುತ್ತಲಿನ ನೀಲಿ ಕೆನೆಯನ್ನು ಇನ್ನಷ್ಟು ಹಳದಿ ಮಾಡಿ ತೋರಿಸುತ್ತದೆ. ಅದರ ಬದಲು ಎರಡಡಿ ಅಗಲದ ದಪ್ಪ ರಟ್ಟುಗಳಿಗೆ ಬಿಳಿ ಪ್ರೈಮರ್ ಹೊಡೆದು, ಸುತ್ತ ಎರಡಿಂಚು ಬಿಳಿ ಅಂಚು ಬಿಟ್ಟು, ಎರಡು ಕೋಟ್ ಕೊಡಿ. ಹಸಿ ಎಮಲ್ಷನ್ (ನೀರು ಬೆರೆಸುವ ಗೋಡೆ ಬಣ್ಣ) ನೋಡಿ ತೀರ್ಮಾನಿಸಬೇಡಿ, ಒಣಗಿದ ಮೇಲೆ ತುಸು ಗಾಢವಾಗುತ್ತದೆ. ಪ್ರತಿ ಬಣ್ಣಕ್ಕೆ ಎರಡು ರಟ್ಟು ಮಾಡಿ ಕೋಣೆಯ ಮೂಲೆಗೆ ಸೇರಿಸಿ ನಿಲ್ಲಿಸಿ. ಅಕ್ಕಪಕ್ಕದ ಗೋಡೆಗಳ ಬೆಳಕು ಒಂದರ ಮೇಲೊಂದು ಬಿದ್ದು ಬಣ್ಣ ಎಷ್ಟು ದಟ್ಟವಾಗುತ್ತದೆ ಎಂಬುದು ಅಲ್ಲಿಯೇ ಗೊತ್ತಾಗುವುದು. ಒಂದು ಬಣ್ಣ ನೋಡುವಾಗ ಇನ್ನೊಂದನ್ನು ಮರೆಮಾಡಿ. ಬೆಳಿಗ್ಗೆ, ಸಂಜೆ ನಾಲ್ಕಕ್ಕೆ, ರಾತ್ರಿ ದೀಪ ಹಾಕಿ, ಮೂರು ಹೊತ್ತೂ ನೋಡಿ. ದೀಪ ಬದಲಿಸುವುದಿದ್ದರೆ ಮೊದಲೇ ಬದಲಿಸಿ: 2700 ಕೆಲ್ವಿನ್‌ನ ಹಳದಿ ಬಲ್ಬ್ ಕೆನೆಯನ್ನು ಬೆಣ್ಣೆಯಂತಾಗಿಸಿದರೆ, 6500ರ ಬಿಳಿ ಟ್ಯೂಬ್ ಬಿಸ್ಕತ್ತನ್ನು ಮಂಕಾಗಿಸುತ್ತದೆ.

ರಟ್ಟನ್ನು ನೆಲಕ್ಕೆ ತಾಗಿಸಿಯೂ ನೋಡಿ. ರೆಡ್ ಆಕ್ಸೈಡ್ ನೆಲವಿದ್ದರೆ ಗುಲಾಬಿ ಛಾಯೆಯ ಬಿಸ್ಕತ್ ಬೇಡವೇ ಬೇಡ. ನೆಲದ ಕೆಂಪು ಗೋಡೆಗೆ ಹತ್ತುತ್ತದೆ. ಅಲ್ಲಿ ತಿಳಿ ಕೆನೆಯೇ ಸರಿ. ಬಿಳಿ ವಿಟ್ರಿಫೈಡ್ ಟೈಲ್ಸ್, ಬಿಸಿಲು ಧಾರಾಳವಾಗಿರುವ ಹಾಲ್‌ಗೆ ಬೂದು ಬೆರೆತ ಬಿಸ್ಕತ್ ಹಾಕಿ, ಕಣ್ಣಿಗೆ ತಂಪು.

ಬಿಳಿ ಪೇಂಟಿನ ಬಕೆಟ್‌ಗೆ ಸ್ಟೇನರ್ ಎಂಬ ಗಾಢ ಬಣ್ಣದ ದ್ರವ ಹಿಂಡಿ ಕೈಯಲ್ಲೇ ಕಲಸಿಕೊಡುತ್ತೇನೆ ಎನ್ನುವವರಿಗೆ ಒಪ್ಪಬೇಡಿ. ಎರಡನೇ ಬಕೆಟ್ ಮೊದಲಿನದಕ್ಕೆ ಹೊಂದುವುದು ಕಷ್ಟ. ಯಂತ್ರದಲ್ಲಿ ಕಲಸಿದ ಡಬ್ಬಿಗಳನ್ನೂ ಒಂದೇ ದೊಡ್ಡ ಬಕೆಟ್‌ನಲ್ಲಿ ಸೇರಿಸಿ ಕಲಕಿ. ಅದರಲ್ಲಿ ಒಂದು ಲೀಟರ್ ಎತ್ತಿಟ್ಟು, ಡಬ್ಬಿಯ ಮೇಲೆ ಶೇಡ್ ಕೋಡ್ ಬರೆದಿಡಿ. ಮುಂದೆ ಗೋಡೆ ಕೊರೆಸಿದಾಗ, ಕಲೆಯಾದಾಗ ತೇಪೆ ಹಾಕಲು ಬೇಕಾಗುತ್ತದೆ.